ಬೂದಿ ಸಿಮೆಂಟೂ ಕನ್ನಂಬಾಡಿ ಕಟ್ಟೆಯೂ

ಹೋದ ವಾರ ಗಂಡಸಿಯಲ್ಲಿದ್ದೆ. ಮನೆ ಮೇಲೊಂದು ರೂಮು ಹಾಕಿಸುತ್ತಿದ್ದೇವೆ. ಸಿಮೆಂಟ್ ಚೀಲದ ಮೇಲೆ ಪಿಪಿಸಿ ಅಂತಿದ್ದದ್ದು ನೋಡಿ ಅಪ್ಪ ತಗಾದೆ ತೆಗೆದರು. "ಬೂದಿ ಬೆರೆಸಿದ್ದು ಕಣೋ ಇದು, ತಾರಸಿ ನಿಲ್ಲುತ್ತಾ?" ಇಂಜಿನಿಯರಿಂಗ್ ಓದಿದ್ದರೂ ನಾನು ಸಾಫ್ಟ್‌ವೇರಿನವನು, ಥಟ್ಟನೆ ಉತ್ತರ ಹೊಳೆಯಲಿಲ್ಲ :) ಆಮೇಲೆ ನೆನಪಾಗಿದ್ದು ಕನ್ನಂಬಾಡಿ ಕಟ್ಟೆ.

1911ರಲ್ಲಿ ಆ ಕೆಲಸ ಶುರುವಾದಾಗ ಸಿಮೆಂಟ್ ಬಹುಪಾಲು ಹಡಗಿನಲ್ಲಿ ಬರುತ್ತಿತ್ತು, ದುಬಾರಿ. ಹಾಗಾಗಿ ಕಲ್ಲು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ. ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಸುಟ್ಟ ಮಣ್ಣಿನ ಸಿಲಿಕಾ, ಅಲ್ಯುಮಿನಾ ಸೇರಿದರೆ ಅದು ನೀರೊಳಗೂ ಗಟ್ಟಿಯಾಗುತ್ತೆ. ರೋಮನ್ನರು ಇದಕ್ಕೇ ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು. ಕಟ್ಟೆ ಇವತ್ತಿಗೂ ಕಾವೇರಿಯನ್ನು ಹಿಡಿದು ನಿಂತಿದೆ.

ಪಿಪಿಸಿಯಲ್ಲಿರುವ ಹಾರುಬೂದಿ ಮಾಡುವುದೂ ಇದನ್ನೇ. ರಾಯಚೂರಿನಂಥ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ನುಣ್ಣನೆ ಬೂದಿ ಅದು. ಸಿಮೆಂಟ್ ನೀರಿನೊಡನೆ ಸೇರಿದಾಗ ಬಿಡುವ ಸುಣ್ಣದ ಜೊತೆ ಬೆರೆತು ಗಟ್ಟಿಯಾಗುತ್ತೆ. ಸೂಕ್ಷ್ಮ ರಂಧ್ರಗಳು ತುಂಬಿ ನೀರು ಇಳಿಯುವುದು ಕಮ್ಮಿ, ಕಾಂಕ್ರೀಟ್ ಬಿಸಿಯಾಗುವುದೂ ಕಮ್ಮಿ. ಆದರೆ ಎಲ್ಲ ನಿಧಾನ! ಮೊದಲ ದಿನಗಳಲ್ಲಿ ಬಲ ಕಡಿಮೆ, ತಿಂಗಳುಗಳು ಕಳೆದ ಮೇಲೆ ಸರಿಸಮ, ಕೆಲವೊಮ್ಮೆ ಹೆಚ್ಚೂ.

ಹಾಗೆ ನೋಡಿದರೆ ಅಪ್ಪನ ಅನುಮಾನ ಪೂರ್ತಿ ಸುಳ್ಳಲ್ಲ. ನಮ್ಮ ಮೇಸ್ತ್ರಿ ಮೂರು ದಿನ ನೀರು ಹಾಕಿಸಿದರೆ ಸಾಕು ಅಂದಿದ್ದರು. ಐಎಸ್ 456 ಪ್ರಕಾರ ಇಂಥ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಒಣ ಬಿಸಿಲಿದ್ದರೆ 14. ಕೆಡುವುದು ಬೂದಿಯಿಂದಲ್ಲ, ನಮ್ಮ ಅವಸರದಿಂದ.

ಈಗ ತಾರಸಿ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿದ್ದೇವೆ. ದಿನ ಎಣಿಸುತ್ತಿರುವುದು ಅಪ್ಪನೇ.