ಫಾರ್ಮ್ಯಾಟ್ ಹೊಡೆಯುವ ಮೊದಲು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹಾರ್ಡ್‌ಡಿಸ್ಕ್‌ಗಳನ್ನು ಹಾಳು ಮಾಡಿದ್ದು ಯಾವುದು ಅಂತ ಕೇಳಿದರೆ ಜನ ವೈರಸ್ ಅಂತಾರೆ. ನಾನು ಕರೆಂಟು ಅಂತೀನಿ. ಹಾಳಾದ ಡಿಸ್ಕಿನಿಂದ ಅಡಿಕೆ ಲೆಕ್ಕ, ಮದುವೆ ಫೋಟೊ, ಕಾಲೇಜಿನ ಪ್ರಾಜೆಕ್ಟು ಉಳಿಸಿಕೊಟ್ಟಿದ್ದು ನಮ್ಮಂಥ ರಿಪೇರಿಯವರ ಕೈಚಳಕ ಅಂತ ಹೇಳಿಕೊಳ್ಳಲು ನನಗೂ ಆಸೆಯೇ. ಆದರೆ ಖಾಲಿ ಡಿಸ್ಕು ಅಗ್ಗಕ್ಕೆ ಸಿಗುವಂತಾಗಿದ್ದು ಅದಕ್ಕಿಂತ ಹೆಚ್ಚು ಉಳಿಸಿದೆ. ಹೊನ್ನಾಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟು, ಆಮೇಲೆ ರಿಪೇರಿಗೆ ಇಳಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಈ ಊರೂರು ತಿರುಗಿದವನ ಅಭಿಪ್ರಾಯ ಇದು.

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಶಿವಮೊಗ್ಗದ ಕಡೆಗಿದ್ದ ಚನ್ನಗಿರಿ, ಹೊನ್ನಾಳಿ ಇತ್ತ ಬಂದವು, ಚಿತ್ರದುರ್ಗದ ಜಗಳೂರು ಅತ್ತಲಿಂದ ಬಂತು. ನ್ಯಾಮತಿ ಆಗಿನ್ನೂ ಹೊನ್ನಾಳಿಗೆ ಸೇರಿದ ಊರು, ತಾಲ್ಲೂಕಾಗಿದ್ದು 2018ರಲ್ಲಿ. ಜಿಲ್ಲೆ ಬದಲಾದ ಮೇಲೆ ಕಚೇರಿ ಕಾಗದದ ಜೊತೆಗೆ ನಮ್ಮ ಸಾಮಾನಿನ ದಾರಿಯೂ ಬದಲಾಯಿತು. ರ‍್ಯಾಮು, ಕೇಬಲ್ಲು, ಎಸ್‌ಎಂಪಿಎಸ್ ಬೇಕೆಂದರೆ ದಾವಣಗೆರೆ. ಅಲ್ಲಿ ಸಿಗದಿದ್ದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರೋಡು. 2000ದ ಆಚೀಚೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಹೋಯಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಆಗ ಹದಿನೈದು ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ರೈತರು ಕಂಪ್ಯೂಟರನ್ನು ಹತ್ತಿರದಿಂದ ನೋಡಿದ್ದು ಬಹುಪಾಲು ಅಲ್ಲೇ. ಅದೇ ಹೊತ್ತಿಗೆ ಕನ್ನಡ ಟೈಪ್ ಮಾಡಲು ‘ಬರಹ’, ‘ನುಡಿ’ ಬಂದಿದ್ದವು. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಅಂತ ನಮ್ಮ ಡಿಟಿಪಿ ಅಂಗಡಿಗಳೂ ಎದ್ದವು.

ಆಗಿನ ಕರೆಂಟಿನ ಪಾಡು ಗೊತ್ತಿಲ್ಲದವರಿಗೆ ಈ ಕಥೆ ಅರ್ಥವಾಗುವುದಿಲ್ಲ. ಚನ್ನಗಿರಿ ಕಡೆ ಎಷ್ಟೋ ತೋಟ ಬೋರ್‌ವೆಲ್ ಮೇಲೆ. ತ್ರೀ ಫೇಸ್ ಬಂದ ಗಳಿಗೆ ಆಟೋ ಸ್ಟಾರ್ಟರ್ ಹಾಕಿಟ್ಟ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದವು. ಅಂಗಡಿಯ ಬಲ್ಬು ಕೆಂಪಗಾಗುತ್ತಿತ್ತು, ಮಾನಿಟರ್ ಕುಗ್ಗುತ್ತಿತ್ತು, ಆಮೇಲೆ ಎಲ್ಲವೂ ಢಮಾರ್. ಯುಪಿಎಸ್ ಇರುತ್ತಿತ್ತು ನಿಜ. ಅದರ ಬ್ಯಾಟರಿ ಸತ್ತು ಯಾವ ಕಾಲವಾಗಿರುತ್ತಿತ್ತೋ. ಡಿಸ್ಕಿನ ಮೇಲೆ ಬರೆಯುವ ಕೆಲಸ ಅರ್ಧಕ್ಕೆ ನಿಂತರೆ ಕಡತದ ಹೆಸರು ಒಂದು ಕಡೆ, ಅದರ ಒಡಲು ಇನ್ನೊಂದು ಕಡೆ ಉಳಿಯುತ್ತದೆ. ವಿಂಡೋಸ್ 98ರಲ್ಲಿ ಮತ್ತೆ ಆನ್ ಮಾಡಿದರೆ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕು. ಅದು ಮುಗಿಯುವವರೆಗೆ ಗಿರಾಕಿಗೆ ಚಹಾ ತರಿಸುವುದು ನಮ್ಮ ಖರ್ಚು.

ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ನಮ್ಮಲ್ಲಿಗೆ ಬಂದಿದ್ದು ಪತ್ರಿಕೆಯ ಜೊತೆಗಿನ ಸಿಡಿಯಲ್ಲಿ. ‘ಲಿನಕ್ಸ್ ಫಾರ್ ಯು’ 2003ರಲ್ಲಿ ಶುರುವಾಯಿತು. ದಾವಣಗೆರೆಯಿಂದ ಯಾರಾದರೂ ಒಂದು ಸಂಚಿಕೆ ತಂದರೆ ಆ ಸಿಡಿ ನಾಲ್ಕಾರು ಕೈ ಬದಲಾಯಿಸುತ್ತಿತ್ತು. ಹಾಕಿದವರೆಲ್ಲ ಇಟ್ಟುಕೊಳ್ಳಲಿಲ್ಲ. ಹಳೆ ಇಎಕ್ಸ್‌ಟಿ2 ಫೈಲ್ ಸಿಸ್ಟಂ ಮೇಲೆ ಹಾಕಿಕೊಂಡವರಿಗಂತೂ ಕರೆಂಟು ಹೋದಾಗಲೆಲ್ಲ ಶಿಕ್ಷೆ. ಎಫ್‌ಎಸ್‌ಸಿಕೆ ಎಂಬ ತಪಾಸಣೆ ಇಡೀ ಡಿಸ್ಕನ್ನು ತುದಿಯಿಂದ ತುದಿಗೆ ತಡಕಬೇಕು. 20 ಜಿಬಿ ಡಿಸ್ಕಿಗೂ ಸಾಕಷ್ಟು ಹೊತ್ತು. ನಡುವೆ ಮತ್ತೆ ಕರೆಂಟು ಹೋದರೆ ಮೊದಲಿಂದ.

ಡಿಸ್ಕಿನಲ್ಲಿ ಕಡತ ಜೋಡಿಸಿಡುವ ಈ ಫೈಲ್ ಸಿಸ್ಟಂನ ಮೂಲ ಇಎಕ್ಸ್‌ಟಿ, ಅದನ್ನು ಫ್ರಾನ್ಸಿನ ರೆಮಿ ಕಾರ್ಡ್ 1992ರಲ್ಲಿ ಲಿನಕ್ಸಿಗೆಂದೇ ಬರೆದರು. ಅದಕ್ಕೂ ಮುಂಚೆ ಲಿನಕ್ಸ್ ಓಡುತ್ತಿದ್ದುದು ಮಿನಿಕ್ಸಿನ ಫೈಲ್ ಸಿಸ್ಟಂ ಮೇಲೆ. ಅದರ ಮಿತಿ 64 ಎಂಬಿ, ಕಡತದ ಹೆಸರಿಗೆ 14 ಅಕ್ಷರ. 1993ರಲ್ಲಿ ಇಎಕ್ಸ್‌ಟಿ2 ಬಂತು. 2001ರ ಕೊನೆಗೆ 2.4.15 ಕರ್ನೆಲ್ಲಿನಲ್ಲಿ ಸ್ಟೀಫನ್ ಟ್ವೀಡಿಯವರ ಇಎಕ್ಸ್‌ಟಿ3 ಸೇರಿತು, ಜರ್ನಲ್ ಜೊತೆಗೆ. ಅಡಿಕೆ ಮಂಡಿಯ ಗುಮಾಸ್ತರಿಗೆ ಇದನ್ನು ವಿವರಿಸಲು ನನಗೆ ಒಂದು ನಿಮಿಷ ಸಾಕಾಯಿತು. ಅವರು ದಿನದ ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆಯುತ್ತಾರೆ, ಆಮೇಲೆ ಖಾತೆಗೆ ಏರಿಸುತ್ತಾರೆ. ಏರಿಸುವಾಗ ದೀಪ ಹೋದರೆ ಇಡೀ ಖಾತೆ ಪುಸ್ತಕ ತಿರುವುವುದಿಲ್ಲ, ಕಿರ್ದಿಯ ಕೊನೆಯ ಸಾಲು ನೋಡುತ್ತಾರೆ. ಇಎಕ್ಸ್‌ಟಿ3 ಮಾಡಿದ್ದೂ ಅದನ್ನೇ. ತಪಾಸಣೆ ಕ್ಷಣಗಳಿಗೆ ಇಳಿಯಿತು. ಒಂದು ಎಚ್ಚರಿಕೆ ಮಾತ್ರ ಬೇಕು: ಸಾಮಾನ್ಯವಾಗಿ ಈ ಜರ್ನಲ್ ಕಾಪಾಡುವುದು ಕಡತಗಳ ಜೋಡಣೆಯನ್ನು. ನೀವು ಆಗಷ್ಟೇ ಟೈಪ್ ಮಾಡಿದ ಪುಟವನ್ನಲ್ಲ. 2008ರ ಡಿಸೆಂಬರಿನಲ್ಲಿ ಇಎಕ್ಸ್‌ಟಿ4 ಬಳಕೆಗೆ ಸಿದ್ಧವಾಯಿತು. ಇವತ್ತಿಗೂ ನನ್ನ ಬೆಂಚಿಗೆ ಬರುವ ಲಿನಕ್ಸ್ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಅದರ ಮೇಲೆಯೇ ಓಡುತ್ತಿವೆ.

ಆ ಕಾಲದಲ್ಲಿ ಲಿನಕ್ಸನ್ನು ನಾನು ಹೆಚ್ಚಾಗಿ ಬಳಸಿದ್ದು ವಿಂಡೋಸಿನ ಡಾಕ್ಟರಾಗಿ. ಜರ್ಮನಿಯ ಕ್ಲಾಸ್ ನಾಪರ್ ಮಾಡಿದ ನಾಪಿಕ್ಸ್ ಸಿಡಿ ಹಾಕಿದರೆ, ಹಾರ್ಡ್‌ಡಿಸ್ಕು ಮುಟ್ಟದೆ ಮೆಮೊರಿಯಲ್ಲೇ ಇಡೀ ಸಿಸ್ಟಂ ಏಳುತ್ತಿತ್ತು. ಕೆಟ್ಟ ಡಿಸ್ಕನ್ನು ಬರೀ ಓದುವಂತೆ ತೆರೆದು, ಸಿಕ್ಕಷ್ಟನ್ನು ಸಿಡಿಗೆ ಬರೆದುಕೊಡುತ್ತಿದ್ದೆ. ಪಕ್ಕದ ಅಂಗಡಿಯವರು ಫಾರ್ಮ್ಯಾಟ್ ಹೊಡೆದು ಇನ್ನೂರು ತಗೊಂಡರೆ, ನಾನು ಇದಕ್ಕೆ ಮುನ್ನೂರು ತಗೊಳ್ಳುತ್ತಿದ್ದೆ. ಗಿರಾಕಿ ಅವರಿಗೇ ಹೆಚ್ಚು.

ಲಿನಕ್ಸ್ ಲ್ಯಾಪ್‌ಟಾಪು ನಿಜವಾಗಿ ಬಂದಿದ್ದು ಹುಡುಗರ ಜೊತೆ. ದಾವಣಗೆರೆಯ ಯುಬಿಡಿಟಿ 1951ರದು, ಬಿಐಇಟಿ 1979ರದು. ಸುತ್ತಲ ತಾಲ್ಲೂಕುಗಳ ಮಕ್ಕಳು ಬಸ್ ಪಾಸ್ ಮಾಡಿಸಿಕೊಂಡು ಅಲ್ಲಿಗೆ ಓದಲು ಹೋಗುತ್ತಿದ್ದರು. ವಿಟಿಯು ಸಿಲಬಸ್ಸಿನಲ್ಲಿ ಯುನಿಕ್ಸ್ ಇತ್ತು, ಕೈಯಲ್ಲಿ ಸುಮಿತಾಭ ದಾಸರ ದಪ್ಪ ಪುಸ್ತಕ. ಲಿನಕ್ಸಿನದೇ ಒಂದು ರೂಪವಾದ ಉಬುಂಟುವಿನವರು 2011ರವರೆಗೂ ಕೇಳಿದವರಿಗೆ ಪುಕ್ಕಟೆ ಸಿಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ವಿದೇಶದಿಂದ ಬಂದ ಲಕೋಟೆ ಅಂತ ಪೋಸ್ಟ್‌ಮ್ಯಾನ್ ಮನೆಯೊಳಗೆ ಬಂದು ಕೊಟ್ಟು ಹೋಗುತ್ತಿದ್ದರು. ವಿಂಡೋಸ್ ಪಕ್ಕದಲ್ಲೇ ಉಬುಂಟು ಹಾಕಿಕೊಂಡ ಲ್ಯಾಪ್‌ಟಾಪುಗಳು ಒಂದೊಂದಾಗಿ ನನ್ನ ಬೆಂಚಿಗೆ ಬರತೊಡಗಿದವು.

2007ರಲ್ಲಿ ಇವುಗಳಲ್ಲೇ ಒಂದು ದೊಡ್ಡ ಗಲಾಟೆಯಾಯಿತು. ಕೆಲವು ಲ್ಯಾಪ್‌ಟಾಪುಗಳಲ್ಲಿ ಉಬುಂಟು ಓಡುವಾಗ ಡಿಸ್ಕು ಸ್ವಲ್ಪ ಹೊತ್ತಿಗೊಮ್ಮೆ ಟಿಕ್ ಅನ್ನುತ್ತಿತ್ತು. ಬ್ಯಾಟರಿ ಉಳಿಸಲು ಡಿಸ್ಕು ತನ್ನ ಹೆಡ್ಡನ್ನು ಬದಿಗೆ ನಿಲ್ಲಿಸುವ ಸದ್ದು ಅದು. ಮರುಗಳಿಗೆಗೇ ಲಿನಕ್ಸ್ ಏನೋ ಬರೆಯಲು ಕರೆಯುತ್ತದೆ, ಹೆಡ್ಡು ಮತ್ತೆ ಒಳಗೆ. ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ ಮೂರರಿಂದ ಆರು ಲಕ್ಷ ಸಲದ ಆಯಸ್ಸು, ಅದು ಬೇಗ ಬೇಗ ಸವೆಯುತ್ತಿತ್ತು. ಎಚ್‌ಡಿಪಾರ್ಮ್ ಕಮಾಂಡಿನಲ್ಲಿ ಮೈನಸ್ ಬಿ 254 ಅಂತ ಕೊಟ್ಟರೆ ಟಿಕ್ ನಿಲ್ಲುತ್ತಿತ್ತು, ಬ್ಯಾಟರಿ ಒಂದಿಷ್ಟು ಬೇಗ ಇಳಿಯುತ್ತಿತ್ತು. ನಮ್ಮ ಹುಡುಗರಿಗೆ ಬ್ಯಾಟರಿ ಚಿಂತೆಯೇ ಇರಲಿಲ್ಲ. ಎರಡನೇ ವರ್ಷಕ್ಕೇ ಅದು ಸತ್ತು, ಲ್ಯಾಪ್‌ಟಾಪು ಗೋಡೆಯ ಪ್ಲಗ್ಗಿಗೆ ಕಟ್ಟುಬಿದ್ದಿರುತ್ತಿತ್ತು. ಅಲ್ಲಿಗೆ ಕರೆಂಟು ಹೋದರೆ ಅದೂ ಢಮಾರ್.

ಇನ್ನು ಬೆಲೆಯ ಮಾತು. ಸಾಯುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಬಾರದು, ಅದು ದುರಸ್ತಿ ಹೆಸರಲ್ಲಿ ಬರೆಯುತ್ತಾ ಹೋಗುತ್ತದೆ, ಉಳಿದಿದ್ದೂ ಕೆಡುತ್ತದೆ. ಮೊದಲು ಪೂರ್ತಿ ನಕಲು ತೆಗೆ, ಆಮೇಲೆ ನಕಲಿನ ಮೇಲೆ ರಿಪೇರಿ. ಇದು ನಮಗೆ ಆಗಲೂ ಗೊತ್ತಿತ್ತು. ನಕಲು ಇಳಿಸಲು ಅಷ್ಟೇ ದೊಡ್ಡ ಇನ್ನೊಂದು ಡಿಸ್ಕು ಬೇಕಲ್ಲ, ಅದು ಎಲ್ಲಿತ್ತು? ಹೊಸ ಡಿಸ್ಕಿನ ರೇಟು ಹೇಳಿದರೆ "ಬ್ಯಾಡ ಬಿಡ್ರಿ, ಇದ್ರಾಗೇ ಏನಾದ್ರೂ ಮಾಡ್ರಿ" ಅನ್ನುತ್ತಿದ್ದರು. ಅದರಲ್ಲೇ ಮಾಡುತ್ತಿದ್ದೆವು. ಯುಎಸ್‌ಬಿ ಡಿಸ್ಕು ಅಗ್ಗವಾದ ಮೇಲಷ್ಟೇ ಕೆಲಸದ ಕ್ರಮ ತಿರುಗಿತು. 2004ರಲ್ಲೇ ಬಂದಿದ್ದ, ಕೆಟ್ಟ ಡಿಸ್ಕಿನ ನಕಲು ತೆಗೆಯುವ ಜಿಎನ್‌ಯು ಡಿಡಿರೆಸ್ಕ್ಯೂಗೂ ಆಗ ಬೆಲೆ ಬಂತು. ನಡುವೆ 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿ, ಲೋಕವೆಲ್ಲ ಡಿಸ್ಕಿನ ಬೆಲೆ ಏರಿಬಿಟ್ಟಿತು. ತುಂಗಭದ್ರೆ ತುಂಬಿ ಬಾಲರಾಜ್ ಘಾಟ್‌ನ ಮನೆಗಳಿಗೆ ನೀರು ನುಗ್ಗುವುದು ಹೊನ್ನಾಳಿಯವರಿಗೆ ಹೊಸದಲ್ಲ. ಯಾವುದೋ ದೇಶದ ನೆರೆಯಿಂದ ನಮ್ಮ ರಿಪೇರಿ ಪದ್ಧತಿ ಹಿಂದಕ್ಕೆ ಹೋಗುತ್ತದೆ ಅಂತ ಮಾತ್ರ ಯಾರೂ ಎಣಿಸಿರಲಿಲ್ಲ. ಆ ಚಳಿಗಾಲವೆಲ್ಲ ಮತ್ತೆ "ಇದ್ರಾಗೇ ಮಾಡ್ರಿ".

ನಕಲು ತೆಗೆಯುವುದು ಹೇಗಿರುತ್ತದೆ ಅಂತ ಒಂದನ್ನು ಹೇಳುತ್ತೇನೆ. ನ್ಯಾಮತಿಯ ಹುಡುಗಿಯೊಬ್ಬಳ ಲ್ಯಾಪ್‌ಟಾಪು, ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು ಅದರಲ್ಲೇ. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಬರೀ ‘ಇನಿಟ್ರಾಮ್‌ಎಫ್‌ಎಸ್’ ಅಂತ ಬಂದು ನಿಲ್ಲುತ್ತಿತ್ತು. ಹಿಂದಿನ ದಿನ ಏನೋ ಸೇವ್ ಮಾಡಲು ಹೋದಾಗ ‘ರೀಡ್ ಓನ್ಲಿ’ ಅಂದಿತ್ತಂತೆ. ಅದು ಉಪಕಾರವೇ. ತಪ್ಪು ಕಂಡ ಕೂಡಲೇ ಬರೆಯುವುದನ್ನು ನಿಲ್ಲಿಸಿಬಿಡು ಅಂತ ಲಿನಕ್ಸಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಡಿಸ್ಕಿನ ಜಾತಕ ತೆಗೆದೆ. 199ನೇ ಸಾಲು ಏರಿದ್ದರೆ ಕೇಬಲ್ಲಿನ ದೋಷ ಅನ್ನಬಹುದಿತ್ತು, ಜಗಳೂರಿನ ಧೂಳು ತಿಂದ ಕಂಪ್ಯೂಟರುಗಳಲ್ಲಿ ಕನೆಕ್ಟರ್ ಒರೆಸಿ ಕೂರಿಸಿದರೆ ಸರಿಹೋದದ್ದೂ ಉಂಟು. ಇಲ್ಲಿ ಅದು ಸೊನ್ನೆ. 5ನೇ ಸಾಲು, ಅಂದರೆ ಬದಲಿ ಕೊಟ್ಟ ಸೆಕ್ಟರುಗಳು, ಆಗಲೇ ಏರಿತ್ತು. 197ನೇ ಸಾಲಿನಲ್ಲಿ ಓದಲಾಗದೆ ಬಾಕಿ ಕೂತವು ನೂರಾರು.

"ಅಣ್ಣಾ, ಬರ‍್ತಾವಾ?"

"ನೋಡಾಣ ತಂಗಿ. ಈಗ ಏನೂ ಮುಟ್ಟಬ್ಯಾಡ."

ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಓದುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಎಲ್ಲಿ ಹಾರಿದೆ ಅಂತ ಒಂದು ಮ್ಯಾಪ್ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಕರೆಂಟು ಹೋಗಿ ಬಂದರೂ ನಿಂತಲ್ಲಿಂದ ಶುರು. ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಇಳಿದಿತ್ತು. ಉಳಿದ ಚೂರಿಗೆ ರಾತ್ರಿಯಿಡೀ ಬೇಕಾಯಿತು, ಡಿಸ್ಕಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದೆ. ಆಮೇಲೆ ನಕಲಿನ ಮೇಲೆ ಎಫ್‌ಎಸ್‌ಸಿಕೆ. ಮೊದಲ ಸೂಪರ್‌ಬ್ಲಾಕು, ಅಂದರೆ ಫೈಲ್ ಸಿಸ್ಟಂನ ಮುಖಪುಟ, ಕೆಟ್ಟಿದೆ ಅಂದಿತು. ಇಎಕ್ಸ್‌ಟಿ ಬರೆದವರ ದೂರಾಲೋಚನೆ ದೊಡ್ಡದು, ಅದರ ಪ್ರತಿಗಳನ್ನು ಡಿಸ್ಕಿನ ಅಲ್ಲಲ್ಲಿ ಬಚ್ಚಿಟ್ಟಿರುತ್ತಾರೆ. 32768ನೇ ಬ್ಲಾಕಿನದು ತೋರಿಸಿದೆ, ಒಪ್ಪಿಕೊಂಡಿತು. ಪ್ರಾಜೆಕ್ಟು ಅದರ ಫೋಲ್ಡರಿನಲ್ಲಿ ಇರಲಿಲ್ಲ. ‘ಲಾಸ್ಟ್ ಪ್ಲಸ್ ಫೌಂಡ್’ ಒಳಗೆ, ಹೆಸರು ಕಳೆದುಕೊಂಡು ಬರೀ ನಂಬರುಗಳಾಗಿ ಬಿದ್ದಿತ್ತು. ಒಂದೊಂದೇ ತೆರೆದು ಇದು ರಿಪೋರ್ಟು, ಇದು ಪ್ರೋಗ್ರಾಮು ಅಂತ ಅವಳೇ ಹೆಸರಿಟ್ಟುಕೊಂಡಳು.

2010ರ ದಶಕದ ಮೊದಲ ವರ್ಷಗಳಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ತರಬೇತಿ ನಡೆದು, ಕನ್ನಡದಲ್ಲೂ ಬರೆಯಬಲ್ಲ ಉಬುಂಟು ಶಾಲೆಗಳಿಗೂ ಬಂತು. ಅವರಿಂದ ನನಗೆ ಕೆಲಸ ಕಡಿಮೆ. ಕೇಳಿ ತಿಳಿದುಕೊಂಡು ತಾವೇ ಮಾಡಿಕೊಳ್ಳುತ್ತಾರೆ, ಮೇಷ್ಟ್ರುಗಳಲ್ಲವೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ಡಿಸ್ಕೇ ಇಲ್ಲ, ಎಸ್‌ಎಸ್‌ಡಿ. ಕರೆಂಟಿನ ಕಾಟವೂ ಎಷ್ಟೋ ತಗ್ಗಿದೆ. ಹಳೆ ಡಿಸ್ಕು ಸಾಯುವ ಮುಂಚೆ ಕರಕರ ಅಂತಿತ್ತು, ಕಿವಿಯಿದ್ದವನಿಗೆ ತಿಳಿಯುತ್ತಿತ್ತು. ಇದು ರಾತ್ರಿ ಇದ್ದದ್ದು ಬೆಳಗ್ಗೆ ಇಲ್ಲ. ಇನ್ನೂ ಕಷ್ಟದ ಸಂಗತಿ ಬೇರೆ. ಹಳೆ ಡಿಸ್ಕಿಗೆ ಯಾರೋ ಅವಸರದಲ್ಲಿ ಫಾರ್ಮ್ಯಾಟ್ ಹೊಡೆದಿದ್ದರೂ ಟೆಸ್ಟ್‌ಡಿಸ್ಕು, ಫೋಟೊರೆಕ್ ಹಾಕಿ ಒಂದಿಷ್ಟು ಎತ್ತಬಹುದಿತ್ತು. ಲಿನಕ್ಸಿನಲ್ಲಿ ಎಸ್‌ಎಸ್‌ಡಿಗೆ ಇಎಕ್ಸ್‌ಟಿ4 ಫಾರ್ಮ್ಯಾಟ್ ಹೊಡೆದರೆ, ‘ಈ ಜಾಗವೆಲ್ಲ ಖಾಲಿ’ ಅಂತ ಡಿಸ್ಕಿಗೇ ಹೇಳಿಬಿಡುತ್ತದೆ. ಡಿಸ್ಕು ಒಳಗೊಳಗೇ ಒರೆಸಿಕೊಳ್ಳುತ್ತದೆ.

ಹೋದ ಸುಗ್ಗಿಯಲ್ಲಿ ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಹಾಗೆ ಫಾರ್ಮ್ಯಾಟ್ ಆದ ಲ್ಯಾಪ್‌ಟಾಪನ್ನೇ ತಂದರು. ಸ್ಲೋ ಆಗಿದೆ ಅಂತ ಮಗ ಹೊಸದಾಗಿ ಉಬುಂಟು ಹಾಕಿದ್ದ. ಅದರಿಂದ ಒಂದು ಕಡತವೂ ಎದ್ದು ಬರಲಿಲ್ಲ. ಅಟ್ಟದ ಮೇಲೆ ಹಳೆ ಕಂಪ್ಯೂಟರ್ ಇದೆಯಾ ಅಂತ ಕೇಳಿದೆ, ಇತ್ತು. ಅದರ 80 ಜಿಬಿ ಡಿಸ್ಕಿನಲ್ಲಿ ಎರಡು ವರ್ಷದ ಹಿಂದಿನವರೆಗಿನ ಲೆಕ್ಕ ಸಿಕ್ಕಿತು. ಉಳಿದಿದ್ದನ್ನು ಪಟ್ಟಿ ಪುಸ್ತಕ ಮುಂದಿಟ್ಟುಕೊಂಡು ಗುಮಾಸ್ತರು ಮತ್ತೆ ಟೈಪ್ ಮಾಡುತ್ತಿದ್ದಾರೆ. ಮಗ ಪಕ್ಕದಲ್ಲಿ ಕೂತು ಓದಿ ಹೇಳುತ್ತಾನೆ.