ಸಾಗರ ದಾಟಲು ಒಂದು ಸರ್ಟಿಫಿಕೇಟು

1968ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಒಂದು ಪಂದ್ಯ ಸಾರಿತು. ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬರಬೇಕು. ಎಲ್ಲರಿಗಿಂತ ಕಡಿಮೆ ದಿನಗಳಲ್ಲಿ ಸುತ್ತಿದವರಿಗೆ 5,000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರ ಒಳಗೆ ಹೊರಟರಾಯಿತು. ಹೊರಡುವವರಿಗೆ ದೋಣಿ ನಡೆಸಲು ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಒಂಬತ್ತು ಜನ ಹೊರಟರು. ಚೇ ಬ್ಲೈತ್ ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿಯೇ ದಾಟಿದ್ದ ಗಟ್ಟಿಗರು, ಆದರೆ ಹಾಯಿಯ ಅನುಭವ ಇಲ್ಲವೆನ್ನುವಷ್ಟು ಕಡಿಮೆ. ಹೊರಡುವ ದಿನ ಗೆಳೆಯರೇ ಅವರ ದೋಣಿಗೆ ಹಾಯಿ ಸಜ್ಜುಗೊಳಿಸಿಕೊಟ್ಟರು. ಡೊನಾಲ್ಡ್ ಕ್ರೌಹರ್ಸ್ಟ್ ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರ್, ರಜಾದಿನಗಳ ನಾವಿಕ. 29 ವರ್ಷದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ಅಧಿಕಾರಿ. ವಾಣಿಜ್ಯ ಹಡಗಿನ ಕ್ಯಾಪ್ಟನ್ ಆಗಲು ಬೇಕಾದ ಮಾಸ್ಟರ್ ಸರ್ಟಿಫಿಕೇಟು ಅವರ ಬಳಿ ಇತ್ತು. ಅವರ ‘ಸುಹೇಲಿ’ 32 ಅಡಿಯ ತೇಗದ ದೋಣಿ. ಅದನ್ನು ಕಟ್ಟಿದವರು ಬೊಂಬಾಯಿಯ ಬಡಗಿಗಳು.

ಆ ಮಾಸ್ಟರ್ ಸರ್ಟಿಫಿಕೇಟಿನ ಬೇರು 1850ರ ಬ್ರಿಟಿಷ್ ಕಾನೂನಿನಲ್ಲಿದೆ. ವಿದೇಶಕ್ಕೆ ಹೋಗುವ ವಾಣಿಜ್ಯ ಹಡಗುಗಳ ಅಧಿಕಾರಿಗಳು ಬೋರ್ಡ್ ಆಫ್ ಟ್ರೇಡ್ ನಡೆಸುವ ಪರೀಕ್ಷೆಯಲ್ಲಿ ಪಾಸಾಗಲೇಬೇಕು ಎಂದು ಅದು ವಿಧಿಸಿತು. ಹಡಗಿನಲ್ಲಿ ಪರರ ಸರಕಿದೆ, ಪರರ ಪ್ರಾಣವಿದೆ. ಸ್ವಂತ ಖುಷಿಗೆ, ಸ್ವಂತ ದೋಣಿಯಲ್ಲಿ ಹೋಗುವ ಶ್ರೀಮಂತರನ್ನು ಕಾನೂನು ಮುಟ್ಟಲಿಲ್ಲ. ಆದರೂ ಕೆಲವರು ತಾವಾಗಿಯೇ ಪರೀಕ್ಷೆಗೆ ಕೂತರು. ಅವರಲ್ಲಿ ಹೆಸರಾದವರು ಪಾರ್ಲಿಮೆಂಟಿನ ಸದಸ್ಯ ಥಾಮಸ್ ಬ್ರಾಸಿ. 1876-77ರಲ್ಲಿ ಅವರು ‘ಸನ್‌ಬೀಮ್’ ನೌಕೆಯಲ್ಲಿ ಹೆಂಡತಿ ಮಕ್ಕಳೊಡನೆ ಭೂಮಿ ಸುತ್ತಿದರು. ಮುಂದೆ ಹವ್ಯಾಸಿಗಳಿಗೆಂದೇ ‘ಯಾಟ್‌ಮಾಸ್ಟರ್’ ಪರೀಕ್ಷೆ ಬಂತು. 1970ರ ದಶಕದಲ್ಲಿ ಅದರ ಹೊಣೆ ಸರ್ಕಾರದಿಂದ ರಾಯಲ್ ಯಾಟಿಂಗ್ ಅಸೋಸಿಯೇಷನ್‌ಗೆ ಹೋಯಿತು.

1968ರ ಪಂದ್ಯಕ್ಕೆ ಮರಳಿದರೆ, ಬ್ಲೈತ್ ದಕ್ಷಿಣ ಆಫ್ರಿಕಾ ತಲುಪುವಷ್ಟರಲ್ಲಿ ದೋಣಿ ಸೋತಿತ್ತು. ಗಡುವಿನ ಕೊನೆಯ ದಿನ ಹೊರಟ ಕ್ರೌಹರ್ಸ್ಟ್ ಅವರಿಗೆ, ಮೂರು ಒಡಲಿನ ತಮ್ಮ ದೋಣಿ ದಕ್ಷಿಣದ ಮಹಾಸಾಗರವನ್ನು ತಾಳದು ಎಂಬುದು ಬೇಗನೆ ತಿಳಿಯಿತು. ಹಿಂದಿರುಗಿದರೆ ಸಾಲದಲ್ಲಿ ಮನೆಯೂ ವ್ಯಾಪಾರವೂ ಹೋಗುವ ಭಯ. ಅಟ್ಲಾಂಟಿಕ್‌ನಲ್ಲೇ ಸುತ್ತುತ್ತ, ಮುಂದೆ ಸಾಗಿದಂತೆ ರೇಡಿಯೊದಲ್ಲಿ ಸುಳ್ಳು ಸ್ಥಾನ ಕಳುಹಿಸಿದರು. ಇಲ್ಲಿ ಒಂದು ವಿಚಿತ್ರವಿದೆ. ನಿಜವಾದ ನಾವಿಕ ಸೆಕ್ಸ್‌ಟೆಂಟ್ ಹಿಡಿದು ಸೂರ್ಯನ ಎತ್ತರ ಅಳೆದು, ಅದರಿಂದ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತಾನೆ. ಸುಳ್ಳು ದಾಖಲೆಗೆ ಲೆಕ್ಕ ತಿರುವುಮುರುವು: ಮೊದಲು ಸ್ಥಾನ ಕಲ್ಪಿಸಿಕೊಂಡು, ಅಲ್ಲಿ ಸೂರ್ಯ ಎಷ್ಟೆತ್ತರ ಕಾಣುತ್ತಿತ್ತು ಎಂದು ಹಿಂದಕ್ಕೆ ಎಣಿಸಬೇಕು. ಇದು ಹೆಚ್ಚು ಕಷ್ಟದ ಕೆಲಸ. ಕ್ರೌಹರ್ಸ್ಟ್ ಅದನ್ನು ಮಾಡಿದರು. ಬರಿಯ ಗಣಿತದ ಪರೀಕ್ಷೆಯಾಗಿದ್ದರೆ ಅವರು ಸಲೀಸಾಗಿ ಪಾಸಾಗುತ್ತಿದ್ದರು. 1969ರ ಜುಲೈ 10ರಂದು ಅವರ ದೋಣಿ ಸಿಕ್ಕಿತು, ಒಳಗೆ ಯಾರೂ ಇರಲಿಲ್ಲ. ರೇಡಿಯೊ ಕೆಟ್ಟಿದ್ದರೂ ಏಪ್ರಿಲ್ 22ರಂದೇ ದಡ ಸೇರಿದ್ದ ನಾಕ್ಸ್-ಜಾನ್‌ಸ್ಟನ್ ಒಬ್ಬರೇ ಪಂದ್ಯ ಮುಗಿಸಿದವರು. ಬಹುಮಾನದ ಹಣವನ್ನು ಅವರು ಕ್ರೌಹರ್ಸ್ಟ್ ಕುಟುಂಬಕ್ಕೆ ಕೊಟ್ಟರು.

ಇಂದಿನ ‘ಯಾಟ್‌ಮಾಸ್ಟರ್ ಓಷನ್’ ಗಣಿತದ ಜೊತೆ ನೀರನ್ನೂ ಕೇಳುತ್ತದೆ. ಅಭ್ಯರ್ಥಿ ಎಲ್ಲೂ ನಿಲ್ಲದೆ ಕನಿಷ್ಠ 600 ನಾಟಿಕಲ್ ಮೈಲಿ, 96 ಗಂಟೆ ಸಾಗಿರಬೇಕು. ಅದರಲ್ಲಿ 200 ಮೈಲಿ ದಡದಿಂದ 50 ಮೈಲಿಗೂ ಆಚೆ ಇರಬೇಕು. ಆ ಪ್ರಯಾಣದಲ್ಲಿ ಸೂರ್ಯನನ್ನೋ ನಕ್ಷತ್ರವನ್ನೋ ಅಳೆದು ಮಾಡಿದ ಲೆಕ್ಕದ ಹಾಳೆಗಳನ್ನು ಮುಂದಿಟ್ಟುಕೊಂಡು ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ. ಜಿಪಿಎಸ್ ಕಾಲದಲ್ಲೂ ಸೆಕ್ಸ್‌ಟೆಂಟ್ ಉಳಿದಿದೆ. ಬ್ಯಾಟರಿ ಸತ್ತ ಮೇಲೆ ಉಳಿಯುವುದು ಸೂರ್ಯನೇ ತಾನೆ!

ಇಷ್ಟಾದರೂ ಬ್ರಿಟನ್ನಿನಲ್ಲಿ 24 ಮೀಟರಿಗಿಂತ ಚಿಕ್ಕ ಸ್ವಂತ ವಿಹಾರನೌಕೆ ನಡೆಸಲು ಈ ಸರ್ಟಿಫಿಕೇಟು ಬೇಕಿಲ್ಲ. 1979ರ ಫಾಸ್ಟ್‌ನೆಟ್ ಪಂದ್ಯದ ಬಿರುಗಾಳಿಯಲ್ಲಿ 15 ಸ್ಪರ್ಧಿಗಳು ಸತ್ತ ಮೇಲೂ ಅದು ಕಡ್ಡಾಯವಾಗಲಿಲ್ಲ. ಸ್ಪೇನ್‌ನಲ್ಲಿ ಹಾಗಲ್ಲ. ಅಲ್ಲಿ ದಡದಿಂದ 150 ಮೈಲಿ ದಾಟಬೇಕಾದರೆ ‘ಕಪಿತಾನ್ ದೆ ಯಾತೆ’ ಎಂಬ ಪರವಾನಗಿ ಬೇಕು. ಬ್ರಿಟಿಷರ ಈ ಹಟದಲ್ಲಿ ಸ್ವಾತಂತ್ರ್ಯಪ್ರೀತಿ ಎಷ್ಟು, ಹಳೆಯ ಶ್ರೀಮಂತರ ಠೇಂಕಾರ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

2018ರಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯ ಮತ್ತೆ ಶುರುವಾಯಿತು, ಜಿಪಿಎಸ್ ಬಿಟ್ಟು ಸೆಕ್ಸ್‌ಟೆಂಟ್ ನಂಬಿಯೇ ಸಾಗಬೇಕೆಂಬ ನಿಯಮದೊಂದಿಗೆ. ಈ ಸಲ ಸಂಘಟಕರು ಸಾವಿರಾರು ಮೈಲಿಗಳ ಸಾಗರಾನುಭವವನ್ನು ಮೊದಲೇ ಕೇಳಿದರು. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅದಕ್ಕೂ ಮೊದಲೇ ಒಬ್ಬರೇ, ನಿಲ್ಲದೆ ಭೂಮಿ ಸುತ್ತಿದವರು. ಗೋವಾದಲ್ಲಿ ‘ಸುಹೇಲಿ’ಯ ಮಾದರಿಯಲ್ಲೇ ಕಟ್ಟಿದ ‘ತುರಿಯಾ’ ಅವರ ದೋಣಿ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅದು ಮಗುಚಿ ಪಟಸ್ತಂಭ ಮುರಿಯಿತು, ಅವರ ಬೆನ್ನಿಗೆ ಪೆಟ್ಟಾಯಿತು. ಫ್ರಾನ್ಸಿನ ‘ಒಸಿರಿಸ್’ ಹಡಗು ಬಂದು ಕಾಪಾಡಿತು. ಮುಂದಿನ ಸುತ್ತಿಗೆ ಅವರು ಮತ್ತೆ ಹೋದರು. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು.