ದ್ರವ್ಯ ತರಂಗ: ಶಾಲಾ ಬೋಧನೆಯ ಇತಿಹಾಸ

ಚಲಿಸುವ ಕಣಕ್ಕೂ ಅಲೆಯ ಗುಣವಿದೆ ಎಂದು ಲೂಯಿ ಡಿ ಬ್ರಾಗ್ಲಿ ಪ್ಯಾರಿಸ್‌ನಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ವಾದಿಸಿದ್ದು 1924ರಲ್ಲಿ. ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ. ಸೂತ್ರವನ್ನು ಹದಿನೇಳರ ವಿದ್ಯಾರ್ಥಿಯೂ ಬಿಡಿಸಬಲ್ಲ. ನಂಬಿಸುವುದೇ ಮೇಷ್ಟರ ಪಾಲಿನ ಕಷ್ಟ.

ಅಮೆರಿಕದಲ್ಲಿ ಈ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು 1956ರಲ್ಲಿ ಎಂಐಟಿಯ ಜೆರಾಲ್ಡ್ ಜಕರಾಯಸ್ ಕಟ್ಟಿದ ಭೌತ ವಿಜ್ಞಾನ ಅಧ್ಯಯನ ಸಮಿತಿ (ಪಿಎಸ್‌ಎಸ್‌ಸಿ). 1960ರಲ್ಲಿ ಬಂದ ಅದರ ಹೈಸ್ಕೂಲ್ ಪಠ್ಯ ನೀರಿನ ತೊಟ್ಟಿಯಲ್ಲಿ ಅಲೆ ಎಬ್ಬಿಸಿ ತೋರಿಸಿ, ಬೆಳಕನ್ನು ದಾಟಿ, ಕೊನೆಗೆ ದ್ರವ್ಯ ತರಂಗಕ್ಕೆ ಬರುತ್ತಿತ್ತು. ತರಗತಿಗೆಂದೇ ತಯಾರಾದ ‘ಮ್ಯಾಟರ್ ವೇವ್ಸ್’ ಚಿತ್ರದಲ್ಲಿ ಕಾಣಿಸಿಕೊಂಡವರು ಎಲೆಕ್ಟ್ರಾನ್‌ನ ಅಲೆಯ ಗುಣವನ್ನು ಪ್ರಯೋಗದಲ್ಲಿ ಕಂಡ ಲೆಸ್ಟರ್ ಗರ್ಮರ್ ಸ್ವತಃ.

ಗರ್ಮರ್ ಕತೆಯೇ ಒಳ್ಳೆಯ ಪಾಠ. 1925ರಲ್ಲಿ ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ ದ್ರವ ಗಾಳಿಯ ಬಾಟಲಿ ಸಿಡಿದು ನಿರ್ವಾತ ಕೊಳವೆ ಒಡೆಯಿತು; ಒಳಗಿನ ಬಿಸಿ ನಿಕಲ್ ತುಕ್ಕು ಹಿಡಿಯಿತು. ಅದನ್ನು ಶುದ್ಧಗೊಳಿಸಲು ದೀರ್ಘಕಾಲ ಕಾಯಿಸಿದಾಗ ಸಣ್ಣ ಹರಳುಗಳು ಕೂಡಿ ದೊಡ್ಡವಾದವು, ನಿಕಲ್‌ಗೆ ಬಡಿದ ಎಲೆಕ್ಟ್ರಾನ್‌ಗಳು ಚದುರುವ ಬಗೆಯೇ ಬದಲಾಯಿತು. 1927ರಲ್ಲಿ ಗರ್ಮರ್ ಮತ್ತು ಅವರ ಜೊತೆಗಾರ ಡೇವಿಸನ್‌ಗೆ 54 ವೋಲ್ಟ್‌ನಲ್ಲಿ, 50 ಡಿಗ್ರಿ ಕೋನದಲ್ಲಿ ಚದುರಿದ ಎಲೆಕ್ಟ್ರಾನ್‌ಗಳ ಎದ್ದು ಕಾಣುವ ಶಿಖರ ಸಿಕ್ಕಿತು. ಅಳತೆಯಿಂದ ಬಂದ ತರಂಗಾಂತರ 0.165 ನ್ಯಾನೊಮೀಟರ್, ಸೂತ್ರದ ಪ್ರಕಾರ 0.167.

ಅದೇ ವರ್ಷ ಅಬರ್ಡೀನ್‌ನಲ್ಲಿ ಜಿ.ಪಿ. ಥಾಮ್ಸನ್ ಎಲೆಕ್ಟ್ರಾನ್‌ಗಳನ್ನು ತೆಳು ಪೊರೆಯ ಮೂಲಕ ಹಾಯಿಸಿ ಉಂಗುರಗಳನ್ನು ಕಂಡರು. ಎಲೆಕ್ಟ್ರಾನ್ ಕಣವೆಂದು ತೋರಿಸಿದ ಜೆ.ಜೆ. ಥಾಮ್ಸನ್‌ರ ಮಗ ಇವರು! ಮುಂದೆ ಬ್ರಿಟನ್ನಿನ ಶಾಲೆಗಳಿಗೆ ಬಂದ ವಿವರ್ತನೆ ಕೊಳವೆ ಈ ಪ್ರಯೋಗದ ಮರಿ. ಕತ್ತಲ ಕೋಣೆಯಲ್ಲಿ ಕೆಲವು ಸಾವಿರ ವೋಲ್ಟ್ ಕೊಟ್ಟರೆ ಗ್ರ್ಯಾಫೈಟ್ ಪದರ ದಾಟಿದ ಎಲೆಕ್ಟ್ರಾನ್‌ಗಳು ಪರದೆಯ ಮೇಲೆ ಎರಡು ಹಸಿರು ಉಂಗುರ ಮೂಡಿಸುತ್ತವೆ. ವೋಲ್ಟೇಜ್ ಏರಿಸಿದಂತೆ ಉಂಗುರ ಕುಗ್ಗುತ್ತದೆ, ಅಂದರೆ ವೇಗ ಹೆಚ್ಚಿದಷ್ಟೂ ತರಂಗಾಂತರ ಕಿರಿದು. ‘ಇದು ಬರೀ ಬೆಳಕಲ್ಲವೇ ಸಾರ್?’ ಎಂಬ ತಕರಾರಿಗೆ ಒಂದು ಅಯಸ್ಕಾಂತ ಸಾಕು. ಹತ್ತಿರ ಹಿಡಿದೊಡನೆ ಉಂಗುರಗಳು ಪಕ್ಕಕ್ಕೆ ಜರುಗುತ್ತವೆ. ಬೆಳಕು ಹಾಗೆ ಬಾಗುವುದಿಲ್ಲ.

ಭಾರತದಲ್ಲಿ ಈ ಪಾಠ ಹೆಚ್ಚಾಗಿ ಲೆಕ್ಕದ ರೂಪದಲ್ಲೇ ಬಂದಿದೆ. ಕರ್ನಾಟಕದ ದ್ವಿತೀಯ ಪಿಯುಸಿಯಲ್ಲೂ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಸೆಕೆಂಡಿಗೆ 30 ಮೀಟರ್ ಓಡುವ 150 ಗ್ರಾಂ ಚೆಂಡಿನ ಉದಾಹರಣೆಯಿದೆ. ಅದರ ತರಂಗಾಂತರ ಮೀಟರ್ ಲೆಕ್ಕದಲ್ಲಿ ದಶಮಾಂಶ ಬಿಂದುವಿನ ನಂತರ 33 ಸೊನ್ನೆ ದಾಟಿದ ಮೇಲೆ ಶುರುವಾಗುತ್ತದೆ. ಚೆಂಡು ಅಲೆಯಂತೆ ಏಕೆ ವರ್ತಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ಸಿಗದು. ಎಲೆಕ್ಟ್ರಾನ್ ಅಲೆಯಂತೆ ವರ್ತಿಸುತ್ತದೆ ಎಂಬುದಕ್ಕೆ ಸಾಕ್ಷಿಯಾಗಿದ್ದ ಡೇವಿಸನ್–ಗರ್ಮರ್ ಭಾಗವನ್ನು ಮಾತ್ರ ಕೋವಿಡ್ ನಂತರ ಪಠ್ಯಭಾರ ಇಳಿಸುವಾಗ ಕೈಬಿಡಲಾಯಿತು. 100 ವೋಲ್ಟ್‌ನಲ್ಲಿ ವೇಗ ಪಡೆದ ಎಲೆಕ್ಟ್ರಾನ್‌ನ ತರಂಗಾಂತರವನ್ನು, ಅಂದರೆ 0.123 ನ್ಯಾನೊಮೀಟರನ್ನು, ವಿದ್ಯಾರ್ಥಿಗಳು ಈಗಲೂ ತಪ್ಪಿಲ್ಲದೆ ಲೆಕ್ಕ ಹಾಕುತ್ತಾರೆ.